ಟೇಪ್ ರಾಕ್ಷಸನ ಎದೆಯ ಬಾಗಿಲು

ಸಾಗರದ ಭಾವ ಈ ಆಷಾಢದಲ್ಲಿ ಬೆಂಗಳೂರಿಗೆ ಬಂದಾಗ ಜೋನಿ ಬೆಲ್ಲದ ಡಬ್ಬಿಯ ಜೊತೆ ಇನ್ನೊಂದು ಡಬ್ಬಿಯನ್ನೂ ನನ್ನ ಮುಂದಿಟ್ಟರು. ಹಳೇ ಬಿಸ್ಕತ್ತಿನ ತಗಡಿನ ಡಬ್ಬಿ, ಮುಚ್ಚಳದ ಅಂಚೆಲ್ಲ ತುಕ್ಕು. "ಅಟ್ಟ ಗುಡಿಸುವಾಗ ಸಿಕ್ತು ಕಣೋ. ನೀನು ಇಂಥದ್ದನ್ನೆಲ್ಲ ಬಿಚ್ಚಿ ಸರಿ ಮಾಡ್ತೀಯಲ್ಲ, ಇದನ್ನೂ ನೋಡು" ಅಂದರು. ಒಳಗೆ ಪಂಚೆಯ ತುಂಡಿನಲ್ಲಿ ಸುತ್ತಿದ್ದದ್ದು ಸೌಂಡ್‌ವೇವ್, ಟೇಪ್ ರೆಕಾರ್ಡರೂ ಆಗುವ ರೋಬಾಟ್ ಆಟಿಕೆ. ನಮ್ಮಿಬ್ಬರ ಬಾಯಲ್ಲಿ ಅದಕ್ಕೆ ಆ ಹೆಸರು ಯಾವತ್ತೂ ಇರಲಿಲ್ಲ. ಅದು ಟೇಪ್ ರಾಕ್ಷಸ.

ಸೋದರಮಾವ 1985ರ ಆರಂಭದಲ್ಲಿ ಅಮೆರಿಕದಿಂದ ಬಂದಾಗ ಮಗನಿಗೆಂದು ತಂದದ್ದು. ಭಾವನಿಗೆ ಆಗ ಆರು ವರ್ಷ, ನನಗೆ ನಾಲ್ಕು. ಬೇಸಿಗೆ ರಜೆಯಲ್ಲಿ ಅಜ್ಜನ ಮನೆಯ ಜಗಲಿಯಲ್ಲಿ ಕೂತು ಟೇಪ್ ರೆಕಾರ್ಡರನ್ನು ರಾಕ್ಷಸ ಮಾಡುವುದು, ರಾಕ್ಷಸನನ್ನು ಮತ್ತೆ ಟೇಪ್ ರೆಕಾರ್ಡರ್ ಮಾಡುವುದು, ಇದೇ ಆಟ. ಎಜೆಕ್ಟ್ ಗುಂಡಿ ಒತ್ತಿದರೆ ಎದೆಯ ಬಾಗಿಲು ಟಪ್ ಎಂದು ತೆರೆದುಕೊಂಡು ಒಳಗಿನ ಕ್ಯಾಸೆಟ್ ಕಾಣುತ್ತಿತ್ತು. ಆ ಕ್ಯಾಸೆಟ್ಟೂ ಬರೀ ಕ್ಯಾಸೆಟ್ಟಲ್ಲ, ಮಡಿಕೆ ಬಿಡಿಸಿದರೆ ಹಕ್ಕಿ. ಅದನ್ನು ಭಾವ ಗರುಡ ಅನ್ನುತ್ತಿದ್ದರು. ಎರಡನೆಯ ಬೇಸಿಗೆಗೋ ಮೂರನೆಯದಕ್ಕೋ ಬಾಗಿಲು ತೆರೆಯುವುದು ನಿಂತುಹೋಯಿತು. ಗರುಡ ಒಳಗೇ ಉಳಿಯಿತು. ಸ್ವಲ್ಪ ದಿನ ಗುದ್ದಾಡಿ ನೋಡಿದೆವು, ಆಮೇಲೆ ಕ್ರಿಕೆಟ್ ಬ್ಯಾಟ್ ಬಂತು, ರಾಕ್ಷಸ ಅಟ್ಟ ಸೇರಿದ.

ರೂಪ ಬದಲಿಸುವ ರೋಬಾಟ್ ಆಟಿಕೆಗಳನ್ನು ನಾನು ಸೇರಿಸಲು ಶುರುಮಾಡಿ ಹದಿನೈದು ವರ್ಷವಾಯಿತು. ಬೇರೆಯವರ ಮನೆಯ ಮುರಿದವನ್ನೂ ಎಷ್ಟೋ ಸರಿ ಮಾಡಿದ್ದೇನೆ. ಆದರೆ ಈ ಡಬ್ಬಿ ತೆರೆದಾಗ ಕೈ ನಡುಗಿದ್ದು ನಿಜ. ಆ ಸಂಜೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲು ಶುರುಮಾಡಿದೆ. ಕೆಳಗಿರುವುದು ಆ ಟಿಪ್ಪಣಿಗಳನ್ನೇ ಬಿಡಿಸಿ ಬರೆದದ್ದು.

ಬಿಚ್ಚುವ ಮುಂಚೆ

ಮೊದಲು ನೋಡುವುದು ಅಚ್ಚು ಹಾಕಿದ ಅಕ್ಷರಗಳನ್ನು. ಸೌಂಡ್‌ವೇವ್‌ಗೆ ನಕಲಿಗಳು ಬಹಳ. ಇದರ ಮೇಲೆ ತಯಾರಿಸಿದ ತಕಾರಾ ಕಂಪನಿಯ ಹೆಸರಿನ ಜೊತೆ 1974, 1983 ಎಂಬ ಎರಡು ಇಸವಿಗಳು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಂಡವು. ಟ್ರಾನ್ಸ್‌ಫಾರ್ಮರ್ಸ್ ಹೆಸರಿನಲ್ಲಿ ಇವು ಮಾರಾಟಕ್ಕೆ ಬಂದದ್ದು 1984ರಲ್ಲಿ, ಹಾಗಿರುವಾಗ 1974 ಎಲ್ಲಿಂದ ಬಂತು ಎಂದು ಹೊಸಬರು ಕೇಳುತ್ತಾರೆ. ಅದರ ಹಿಂದೆ ನನಗೆ ಬಹಳ ಇಷ್ಟವಾದ ಒಂದು ಸುತ್ತು ಕತೆಯಿದೆ.

ಅಮೆರಿಕದ ಆಟಿಕೆ ಕಂಪನಿ ಹ್ಯಾಸ್‌ಬ್ರೋ 1964ರಲ್ಲಿ ಜಿ.ಐ. ಜೋ ಎಂಬ ಸೈನಿಕ ಗೊಂಬೆ ತಂದಿತು. ಜಪಾನಿನ ತಕಾರಾ ಅದರ ಹಕ್ಕು ಪಡೆದು ತನ್ನ ದೇಶದಲ್ಲಿ ಮಾರಿತು. ಅದೇ ಮೈಕಟ್ಟನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು 1972ರಲ್ಲಿ ಹೆನ್‌ಶಿನ್ ಸೈಬೋರ್ಗ್ ಮಾಡಿತು. ಅದನ್ನು ಬೆರಳುದ್ದಕ್ಕೆ ಇಳಿಸಿದಾಗ ಹುಟ್ಟಿದ್ದು 1974ರ ಮೈಕ್ರೋಮ್ಯಾನ್. ಮೈಕ್ರೋಮ್ಯಾನ್ ಎಂದರೆ ನಮ್ಮ ನಿಮ್ಮ ನಡುವೆ ಬಚ್ಚಿಟ್ಟುಕೊಂಡು ಬದುಕುವ ಪುಟಾಣಿ ಜೀವ. ಅಷ್ಟು ಚಿಕ್ಕ ಜೀವದ ಪಕ್ಕ ನಿಲ್ಲುವ ಯಂತ್ರಗಳು ಮನೆಯ ಸಾಮಾನಿನ ಅಳತೆಯಲ್ಲೇ ಇದ್ದರೆ ಸಾಕಲ್ಲವೇ? ಆ ಯೋಚನೆಯಿಂದ 1983ರಲ್ಲಿ ಮೈಕ್ರೋ ಚೇಂಜ್ ಎಂಬ ಸಾಲು ಬಂತು. ಅದರಲ್ಲಿ ಕ್ಯಾಮೆರಾ ರೋಬಾಟ್ ಆಗುತ್ತದೆ, ಪಿಸ್ತೂಲೂ ರೋಬಾಟ್ ಆಗುತ್ತದೆ, ಸೂಕ್ಷ್ಮದರ್ಶಕವೂ ಆಗುತ್ತದೆ. ಹತ್ತನೆಯ ನಂಬರಿನದು ಟೇಪ್ ರೆಕಾರ್ಡರ್, ಹೆಸರು ಕ್ಯಾಸೆಟ್ ಮ್ಯಾನ್. ಮರುವರ್ಷ ಹ್ಯಾಸ್‌ಬ್ರೋ ಬಂದು ಈ ಸಾಲನ್ನೂ ಡಯಾಕ್ಲೋನ್ ಎಂಬ ಇನ್ನೊಂದು ಸಾಲಿನ ಕಾರು, ಲಾರಿಗಳನ್ನೂ ಮಾರುವ ಹಕ್ಕು ಪಡೆದು ಎಲ್ಲಕ್ಕೂ ಟ್ರಾನ್ಸ್‌ಫಾರ್ಮರ್ಸ್ ಎಂದು ಹೆಸರಿಟ್ಟಿತು. ತಾನು ಇಪ್ಪತ್ತು ವರ್ಷದ ಹಿಂದೆ ಕಳಿಸಿಕೊಟ್ಟ ಗೊಂಬೆಯ ಮರಿಮೊಮ್ಮಗನನ್ನು ಹ್ಯಾಸ್‌ಬ್ರೋ ಮತ್ತೆ ಮನೆಗೆ ಕರೆತಂದಿತು. ಕ್ಯಾಸೆಟ್ ಮ್ಯಾನ್ ಸೌಂಡ್‌ವೇವ್ ಆದದ್ದು ಹೀಗೆ.

ಅಳತೆಯ ಮಾತು ಬಂತು ಅಂದರೆ, ಇದರ ಎದೆಯೊಳಗಿನ ಕ್ಯಾಸೆಟ್ ನಾವು ಭಾವಗೀತೆ, ಯಕ್ಷಗಾನ ಕೇಳುತ್ತಿದ್ದ ದೊಡ್ಡ ಕ್ಯಾಸೆಟ್ಟಿನ ಕುಗ್ಗಿದ ಗೊಂಬೆಯಲ್ಲ. ಒಲಿಂಪಸ್ 1969ರಲ್ಲಿ ತಂದ ಮೈಕ್ರೋಕ್ಯಾಸೆಟ್ ಎಂಬ ಚಿಕ್ಕ ಜಾತಿಯಿತ್ತು, ಉಕ್ತಲೇಖನ ತೆಗೆದುಕೊಳ್ಳುವ ಕೈಯಂತ್ರಗಳಲ್ಲಿ ಬಳಸುತ್ತಿದ್ದರು. ಅದರ ನಿಜವಾದ ಅಳತೆಯಲ್ಲೇ ಮಾಡಿದ್ದು ಇದು. ಈ ನಿಯತ್ತು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ. ಮೇಜಿನ ಮೇಲೆ ಇಟ್ಟರೆ ಟೇಪ್ ರೆಕಾರ್ಡರ್ ಎಂದೇ ನಂಬಬೇಕು, ಆಗಲೇ ಅದು ಎದ್ದು ನಿಂತಾಗ ಮೈ ಜುಮ್ಮೆನ್ನುವುದು.

ಇನ್ನೊಂದು ಗುರುತು. 1985ರಿಂದ ಹ್ಯಾಸ್‌ಬ್ರೋ ನಕಲಿಗಳನ್ನು ತಡೆಯಲು ಪ್ರತಿ ಆಟಿಕೆಗೂ ಒಂದು ಸಣ್ಣ ಚೌಕದ ಸ್ಟಿಕರ್ ಅಂಟಿಸತೊಡಗಿತು. ಬೆರಳಿನಿಂದ ಉಜ್ಜಿದರೆ ಬಿಸಿಗೆ ಬಣ್ಣ ಬದಲಾಗಿ ಒಳಗಿನ ಲಾಂಛನ ಕಾಣುತ್ತದೆ. ಇದರಲ್ಲಿ ಆ ಸ್ಟಿಕರೂ ಇಲ್ಲ, ಕಿತ್ತುಹೋದ ಅಂಟಿನ ಗುರುತೂ ಇಲ್ಲ. ಅಂದರೆ ಮೊದಲ ವರ್ಷದ ಮಾಲು. ಮಾವ ತಂದ ತಾರೀಖಿಗೂ ಸರಿಹೊಂದುತ್ತದೆ.

ಏನೇನು ಕೆಟ್ಟಿದೆ

ಮಲೆನಾಡಿನ ಅಟ್ಟದಲ್ಲಿ ನಲವತ್ತು ಮಳೆಗಾಲ ಕಳೆದ ವಸ್ತು ಹೇಗಿರಬೇಕೋ ಹಾಗಿತ್ತು. ಮೈಯೆಲ್ಲ ಬೂಷ್ಟು. ಎದೆಯ ಪಾರದರ್ಶಕ ಬಾಗಿಲು ಬೂಷ್ಟು ಹತ್ತಿ ಮಬ್ಬಾಗಿ, ಒಳಗೆ ಏನೋ ಕಪ್ಪಗೆ ಇದೆ ಎನ್ನುವಷ್ಟೇ ಕಾಣುತ್ತಿತ್ತು. ಬಾಗಿಲ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಎಜೆಕ್ಟ್ ಗುಂಡಿ ಒತ್ತಿದರೆ ಒಳಗೆ ಹೋಗಿ ಅಲ್ಲೇ ಕೂರುತ್ತದೆ. ಸೊಂಟದ ಕೀಲು ಎಷ್ಟು ಸಡಿಲವೆಂದರೆ ನಿಲ್ಲಿಸಿದರೆ ಮುಂದಕ್ಕೆ ಬಾಗಿ ಬೀಳುತ್ತದೆ. ಕಾಣುವ ಸ್ಕ್ರೂಗಳೆಲ್ಲ ಕೆಂಪಗೆ. ಅಲ್ಲಲ್ಲಿ ಬೆಳ್ಳಿ ಕ್ರೋಮ್ ಹೋಗಿದೆ. ಸ್ಟಿಕರುಗಳ ಅಂಚು ಎದ್ದಿದೆ, ಆದರೆ ಮುಕ್ಕಾಲು ಪಾಲು ಉಳಿದಿವೆ.

ಒಂದು ಸಂತೋಷದ ಸಂಗತಿ ಬೆನ್ನಿನ ಬ್ಯಾಟರಿ ಡಬ್ಬಿಯಲ್ಲಿ ಕಾದಿತ್ತು. ಇದಕ್ಕೆ ನಿಜವಾದ ಬ್ಯಾಟರಿ ಇಲ್ಲ. ರಾಕ್ಷಸನ ಎರಡು ಆಯುಧಗಳನ್ನು ಪೆನ್‌ಟಾರ್ಚಿಗೆ ಹಾಕುವ ಸೆಲ್ಲಿನ ಆಕಾರಕ್ಕೆ ಮಡಚಿ ಆ ಡಬ್ಬಿಯೊಳಗೆ ಇಡಬೇಕು, ಟೇಪ್ ರೆಕಾರ್ಡರ್ ಆಗಿರುವಾಗ ಅವೇ ಸೆಲ್ಲುಗಳು. ಸೌಂಡ್‌ವೇವ್ ಸಿಕ್ಕಿದರೂ ಆಯುಧ ಸಿಗುವುದು ಕಷ್ಟ, ಮಕ್ಕಳ ಕೈಯಲ್ಲಿ ಮೊದಲು ಕಳೆಯುವುದೇ ಅದು. ಭಾವ ಏಳೆಂಟು ವರ್ಷದ ಹುಡುಗನಾಗಿದ್ದಾಗ ಕೊನೆಯ ಸಲ ಮಡಚಿ ಒಳಗಿಟ್ಟು ಮುಚ್ಚಳ ಹಾಕಿದ್ದರು. ಎರಡೂ ಹಾಗೇ ಇದ್ದವು, ಹೊಳಪೂ ಮಾಸಿರಲಿಲ್ಲ. ಹಾರಿಸುವ ಕ್ಷಿಪಣಿ ಮಾತ್ರ ಇಲ್ಲ. ಅದು ಬಹುಶಃ ಅಜ್ಜನ ಮನೆಯ ಅಂಗಳದ ಮಣ್ಣಲ್ಲಿದೆ. ಸಾಮಾನು ಇಡಲು ತನ್ನೊಳಗೇ ಜಾಗ ಮಾಡಿಕೊಂಡ ಆಟಿಕೆಗಳನ್ನು ನಾನು ಯಾವಾಗಲೂ ಒಂದು ಅಂಕ ಜಾಸ್ತಿ ಕೊಟ್ಟು ನೋಡುತ್ತೇನೆ, ಕಾರಣ ಇದೇ.

ತೊಳೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಸಾಬೂನಿನ ಎರಡು ಹನಿ, ಮಕ್ಕಳ ಮೆತ್ತನೆಯ ಹಲ್ಲುಜ್ಜುವ ಬ್ರಷ್. ಸ್ಟಿಕರ್ ಇರುವ ಕಡೆ ನೀರು ಸುರಿಯದೆ ಒದ್ದೆ ಬಟ್ಟೆಯಲ್ಲಿ ಒರೆಸಿದ್ದು. ಕ್ರೋಮ್ ಭಾಗಕ್ಕೆ ಬರೀ ನೀರು, ಅದನ್ನೂ ಉಜ್ಜದೆ. ಆ ಬೆಳ್ಳಿ ಬಣ್ಣ ಎಂದರೆ ನಿರ್ವಾತದಲ್ಲಿ ಕೂರಿಸಿದ ಅಲ್ಯೂಮಿನಿಯಮ್ಮಿನ ತೆಳು ಪೊರೆ, ಮೇಲೊಂದು ಅರಗಿನಂಥ ಲೇಪ. ಸ್ಪಿರಿಟ್ಟು, ಬ್ಲೀಚು ತಾಗಿದರೆ ಲೇಪ ಏಳುತ್ತದೆ, ಹಿಂದೆಯೇ ಬೆಳ್ಳಿಯೂ ಹೋಗುತ್ತದೆ.

ಒಂದು ಸ್ಕ್ರೂ, ಎರಡು ಸಂಜೆ

ಹಿಂಬದಿಯ ಸ್ಕ್ರೂಗಳನ್ನು ತೆಗೆಯದೆ ಬಾಗಿಲ ಹತ್ತಿರ ಹೋಗುವಂತಿಲ್ಲ. ಜಪಾನಿನ ಹಳೇ ಆಟಿಕೆಗಳ ಪ್ಲಸ್ ಸ್ಕ್ರೂ ನಮ್ಮ ಅಂಗಡಿಗಳಲ್ಲಿ ಸಿಗುವ ಫಿಲಿಪ್ಸ್ ಸ್ಕ್ರೂಡ್ರೈವರ್‌ಗೆ ಸರಿಯಾಗಿ ಕೂರುವುದಿಲ್ಲ. ನೋಡಲು ಒಂದೇ ಥರ, ಆದರೆ ಫಿಲಿಪ್ಸ್ ತುದಿಯ ಓರೆ ಬೇರೆ, ಜೋರು ಬಿದ್ದಾಗ ಮೇಲಕ್ಕೆ ಜಾರಿ ತಲೆಯನ್ನು ಕೆರೆದುಹಾಕುತ್ತದೆ. ಜಪಾನಿನ ಜೆಐಎಸ್ ಅಳತೆಯ ತುದಿ ತಳದವರೆಗೆ ಇಳಿದು ಹಿಡಿದುಕೊಳ್ಳುತ್ತದೆ. ಇದೊಂದು ಸ್ಕ್ರೂಡ್ರೈವರಿಗೆ ಖರ್ಚು ಮಾಡಿ ಎಂದು ಈ ಕೆಲಸಕ್ಕೆ ಇಳಿಯುವ ಎಲ್ಲರಿಗೂ ಹೇಳುತ್ತೇನೆ. ಹಾಳಾದ ಸ್ಕ್ರೂ ತಲೆಗಿಂತ ಅದು ಅಗ್ಗ.

ಒಂದನ್ನು ಬಿಟ್ಟು ಉಳಿದವೆಲ್ಲ ಸ್ವಲ್ಪ ಕಿರುಗುಟ್ಟಿ ಬಂದವು. ಆ ಒಂದು ತುಕ್ಕು ಹಿಡಿದು ಪ್ಲಾಸ್ಟಿಕ್ಕಿಗೆ ಬೆಸೆದುಕೊಂಡಿತ್ತು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಲು ಕೈ ಹೋದದ್ದನ್ನು ಹಿಂದೆ ತೆಗೆದೆ. ಅಂಥ ಎಣ್ಣೆ ಮೈಯ ಎಬಿಎಸ್ ಪ್ಲಾಸ್ಟಿಕ್ಕಿಗೆ ಬೇಗ ಏನೂ ಮಾಡದಿರಬಹುದು, ಆದರೆ ಪಾರದರ್ಶಕ ಭಾಗಕ್ಕೆ ಹರಿದರೆ ಮೊದಲೇ ಬಿಗಿತದಲ್ಲಿರುವ ಜಾಗಗಳಲ್ಲಿ ಸಣ್ಣ ಸಣ್ಣ ಬಿರುಕು ಬಿಡಿಸುತ್ತದೆ. ಬಾಗಿಲಲ್ಲಿ ಆಗಲೇ ಒಂದು ಬಿರುಕಿದೆ. ಬೇಡ.

ಮೊದಲ ಸಂಜೆ ಹಾಗೇ ಹೋಯಿತು, ಬಲ ಹಾಕಿದರೆ ತಲೆ ಕೆಡುತ್ತದೆಂದು ಎದ್ದುಬಿಟ್ಟೆ. ಮರುದಿನ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಯ ಮೇಲಿಟ್ಟು ಹತ್ತು ಎಣಿಸಿದೆ. ಕಬ್ಬಿಣ ಬಿಸಿಯಾಗಿ ಹಿಗ್ಗುತ್ತದೆ, ಸುತ್ತಲ ಪ್ಲಾಸ್ಟಿಕ್ ಒಂದು ಕ್ಷಣ ಮೆದುವಾಗುತ್ತದೆ, ತುಕ್ಕಿನ ಬೆಸುಗೆ ಬಿಡುತ್ತದೆ. ಹತ್ತಕ್ಕೆ ಬಿಡಲಿಲ್ಲ. ತಣ್ಣಗಾಗಲು ಬಿಟ್ಟು ಮತ್ತೆ ಹದಿನೈದು ಎಣಿಸಿದೆ. ಈ ಸಲ ಸ್ಕ್ರೂಡ್ರೈವರ್ ಒತ್ತಿ ತಿರುಗಿಸಿದರೆ ಚಿಟ್ ಎಂಬ ಸದ್ದು, ಆಮೇಲೆ ಸಲೀಸು. ಎಣಿಕೆಯನ್ನು ಮೂವತ್ತಕ್ಕೆ ಒಯ್ಯಬೇಡಿ, ಮರೆ (ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಕೊರೆದ ಸುರುಳಿ ಗೆರೆ) ಕರಗಿ ಸ್ಕ್ರೂಗೆ ಹಿಡಿಯಲು ಏನೂ ಉಳಿಯುವುದಿಲ್ಲ. ತೆಗೆದ ಸ್ಕ್ರೂಗಳನ್ನು ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ, ಬೆಳಗ್ಗೆ ತೊಳೆದು ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ ಒರೆಸಿಟ್ಟೆ. ಹೊಸದು ಹಾಕಬಹುದಿತ್ತು. ಹಳೆಯದೇ ಗಟ್ಟಿಯಿರುವಾಗ ಅದೇ ಇರಲಿ.

ಹುಣಿಸೆ ಬೀಜ

ಹಿಂಭಾಗದ ಚಿಪ್ಪು ಎತ್ತಿದಾಗ ಭಾವನೂ ಪಕ್ಕದಲ್ಲೇ ಕೂತಿದ್ದರು. ಮೊದಲು ಉದುರಿದ್ದು ತುಕ್ಕಿನ ಪುಡಿ, ಆಮೇಲೆ ಎರಡು ತುಂಡಾದ ಸ್ಪ್ರಿಂಗ್, ಕೊನೆಗೆ ಮೇಜಿನ ಮೇಲೆ ಟಕ್ಕೆಂದು ಬಿದ್ದದ್ದು ಒಂದು ಹುಣಿಸೆ ಬೀಜ. ಇಡೀ ಬೀಜವಲ್ಲ, ಕಲ್ಲಿನ ಮೇಲೆ ಒಂದು ಬದಿ ತೇಯ್ದು ಬೆಳ್ಳಗೆ ಮಾಡಿದ್ದು. ಚೌಕಾಬಾರಕ್ಕೆ ಕವಡೆ ಇಲ್ಲದಾಗ ಅಜ್ಜಿ ತೇಯ್ದುಕೊಡುತ್ತಿದ್ದ ಬೀಜ.

ಭಾವ ಬಹಳ ಹೊತ್ತು ಅದನ್ನು ಅಂಗೈಯಲ್ಲಿಟ್ಟುಕೊಂಡಿದ್ದರು. "ಇದು ಯಾರು ಹಾಕಿದ್ದು, ನೀನಾ ನಾನಾ?" ಅಂದರು. ನನಗೆ ನೆನಪಿಲ್ಲ, ಅವರಿಗೂ ಇಲ್ಲ. ಆದರೆ ಏನಾಯಿತು ಎಂಬುದು ಈಗ ಸ್ಪಷ್ಟ. ಬಾಗಿಲ ಸಂದಿಯಲ್ಲಿ ತೂರಿದ ಬೀಜ ಕೀಲಿನ ಪಕ್ಕ ಸಿಕ್ಕಿಕೊಂಡಿದೆ. ಗುಂಡಿ ಒತ್ತಿದರೂ ಬಾಗಿಲು ಏಳುತ್ತಿಲ್ಲ. ನಾವು ಇನ್ನೂ ಜೋರಾಗಿ ಒತ್ತಿ, ಉಗುರಿನಿಂದ ಎಬ್ಬಿ ನೋಡಿದ್ದೇವೆ. ಮೂಲೆಯ ಬಿರುಕು ಆಗಿನದೇ ಇರಬೇಕು. ಬಾಗಿಲು ಎಳೆದಾಡಿದ ಭಾರ ಸ್ಪ್ರಿಂಗಿನ ತೋಳಿಗೆ ಬಿದ್ದಿದೆ, ತೋಳು ಮಡಚುವ ಜಾಗದಲ್ಲಿ ಮಳೆಗಾಲದ ತುಕ್ಕು ಕಚ್ಚಿ ಕೊನೆಗೆ ತುಂಡಾಗಿದೆ.

ಒಳಗಿನಿಂದ ಅಗುಳಿಯನ್ನು ಸರಿಸಿದಾಗ ಬಾಗಿಲು ಸುಮ್ಮನೆ ತೆರೆದುಕೊಂಡಿತು. ಗರುಡ ಅಲ್ಲೇ ಇತ್ತು. ಅದರ ನಿಜವಾದ ಹೆಸರು ಬಝ್‌ಸಾ, ಸೌಂಡ್‌ವೇವ್ ಪೆಟ್ಟಿಗೆಯಲ್ಲೇ ಜೊತೆಗೆ ಬರುತ್ತಿದ್ದ ಕಪ್ಪು-ಬಂಗಾರದ ಹಕ್ಕಿ. ಇದೇ ಅಚ್ಚಿನಲ್ಲಿ ಕೆಂಪು-ಕಪ್ಪಿಗೆ ಬಂದದ್ದು ಲೇಸರ್‌ಬೀಕ್, ಅದನ್ನು ಬೇರೆ ಪೊಟ್ಟಣದಲ್ಲಿ ಮಾರುತ್ತಿದ್ದರು. ಬಂಗಾರದ ಬಣ್ಣ ಕಂಡರೆ ಈ ಹವ್ಯಾಸದವರಿಗೆ ಎದೆ ಹೊಡೆದುಕೊಳ್ಳುತ್ತದೆ. ಬಂಗಾರದ ಮಿನುಗು ಬೆರೆಸಿದ ಕೆಲವು ಹಳೇ ಪ್ಲಾಸ್ಟಿಕ್ಕುಗಳು ಪೆಟ್ಟಿಗೆಯಲ್ಲಿ ಇಟ್ಟಲ್ಲೇ ಒಣ ರೊಟ್ಟಿಯಂತೆ ಪುಡಿಯಾಗುತ್ತವೆ, 1988ರ ಬ್ಲ್ಯಾಕ್ ಝಾರಕ್ ಎಂಬ ಟ್ರಾನ್ಸ್‌ಫಾರ್ಮರ್ಸ್ ಆಟಿಕೆ ಆ ಕಾರಣಕ್ಕೇ ಕುಖ್ಯಾತ. ಹಾಗಾಗಿ ಆ ರಾತ್ರಿ ಹಕ್ಕಿಯ ರೆಕ್ಕೆ ಬಿಡಿಸಲು ಹೋಗಲಿಲ್ಲ. ಬೆಳಗಿನ ಬೆಳಕಿನಲ್ಲಿ, ಒಂದೊಂದು ಕೀಲನ್ನೂ ಕೂದಲಷ್ಟೇ ಅಲ್ಲಾಡಿಸುತ್ತ ಬಿಡಿಸಿದೆ. ಒಂದೂ ಬಿರುಕು ಬಿಡಲಿಲ್ಲ. ಬೆನ್ನಿಗೆ ಸಿಕ್ಕಿಸುವ ಎರಡು ಬಂದೂಕುಗಳು ಇಲ್ಲ, ಅವು ಕ್ಯಾಸೆಟ್ ರೂಪದಲ್ಲಿ ಹೊರಗೇ ಉಳಿಯುವಂಥವು. ಎದೆಯೊಳಗೆ ಸೇರುವಷ್ಟು ಭಾಗ ಮಾತ್ರ ಉಳಿದಿದೆ. ಬೀಜದ ದೆಸೆಯಿಂದ ಬಾಗಿಲು ಕಚ್ಚಿಕೊಂಡಿರದಿದ್ದರೆ ಈ ಹಕ್ಕಿಯೂ ಕ್ಷಿಪಣಿಯ ದಾರಿ ಹಿಡಿಯುತ್ತಿತ್ತು.

ಸ್ಪ್ರಿಂಗ್

ಕೀಲಿನ ಗೂಟಕ್ಕೆ ಸುತ್ತಿಕೊಂಡು ಕೂರುವ ತಿರುಚು ಸ್ಪ್ರಿಂಗ್ ಇದು. ಒಂದು ತೋಳು ಮೈಗೆ ಆನಿಸಿರುತ್ತದೆ, ಇನ್ನೊಂದು ಬಾಗಿಲಿಗೆ. ತುಂಡುಗಳನ್ನು ಜೋಡಿಸಿ ಕ್ಯಾಲಿಪರಿನಲ್ಲಿ ಅಳೆದೆ. ತಂತಿಯ ದಪ್ಪ 0.4 ಮಿ.ಮೀ., ಸುರುಳಿಯ ಒಳವ್ಯಾಸ 3 ಮಿ.ಮೀ., ಸುತ್ತು ನಾಲ್ಕು. ಗೂಟದ ವ್ಯಾಸ 2.6.

ತಂತಿಯ ದಪ್ಪದಲ್ಲಿ ಅಂದಾಜು ನಡೆಯುವುದಿಲ್ಲ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೆಯ ಘಾತಕ್ಕೆ ಏರುತ್ತದೆ. 0.4ರ ಬದಲು 0.5 ಹಾಕಿದರೆ ಬಿಗಿ ಕಾಲು ಪಾಲು ಹೆಚ್ಚುವುದಲ್ಲ, ಹತ್ತಿರ ಹತ್ತಿರ ಎರಡೂವರೆ ಪಟ್ಟಾಗುತ್ತದೆ. ಅಂಥ ಸ್ಪ್ರಿಂಗ್ ಬಿರುಕುಬಿಟ್ಟ ಬಾಗಿಲನ್ನು ಮೊದಲ ಒತ್ತಿಗೇ ಒಡೆದುಹಾಕುತ್ತದೆ. ಎಸ್.ಪಿ. ರಸ್ತೆಯಲ್ಲಿ ಎರಡು ಮಧ್ಯಾಹ್ನ ಹುಡುಕಿದೆ. ಸಿಕ್ಕ ತಿರುಚು ಸ್ಪ್ರಿಂಗುಗಳೆಲ್ಲ ದಪ್ಪ. ಬಾಲ್‌ಪೆನ್ನಿನ ಸ್ಪ್ರಿಂಗ್ ಬಿಡಿಸಿ ಮತ್ತೆ ಸುತ್ತಿ ನೋಡಿದೆ, ಹಳೆಯ ಸುರುಳಿಯ ಡೊಂಕು ಹೋಗದೆ ಎಲ್ಲೆಲ್ಲೋ ಮುರಿದುಕೊಳ್ಳುತ್ತದೆ.

ಆಗ ನೆನಪಾದದ್ದು ಅಕ್ಕನ ವೀಣೆ. ಅವಳ ವೀಣೆ ನಮ್ಮ ಮನೆಯಲ್ಲೇ ಇದೆ, ಪೆಟ್ಟಿಗೆಯಲ್ಲಿ ಬದಲಿ ತಂತಿಯ ಸುರುಳಿಗಳೂ ಇವೆ. ಫೋನ್ ಮಾಡಿ ಕೇಳಿದೆ.

"ಅಕ್ಕಾ, ನಿನ್ನ ವೀಣೆ ತಂತಿ ಒಂದು ತಗೊಳ್ಳಲಾ? ಟೇಪ್ ರಾಕ್ಷಸನಿಗೆ ಸ್ಪ್ರಿಂಗ್ ಮಾಡಬೇಕು."

"ಅಯ್ಯೋ, ಅದು ಇನ್ನೂ ಇದೆಯಾ! ತಗೋ, ಎಷ್ಟು ಬೇಕಾದ್ರೂ ತಗೋ. ವೀಣೆಗೆ ಕಟ್ಟಿರೋದನ್ನ ಮಾತ್ರ ಬಿಚ್ಚಬೇಡ."

ವೀಣೆಯ ಸುತ್ತಿಲ್ಲದ ಉಕ್ಕಿನ ತಂತಿ ಎಳೆದು ಎಳೆದು ಗಟ್ಟಿ ಮಾಡಿದ್ದು, ಅದಕ್ಕೆ ಬೆಂಕಿಯ ಹದ ಬೇಕಿಲ್ಲ. ಮೀಟಿದಷ್ಟು ಸಲವೂ ತನ್ನ ಜಾಗಕ್ಕೆ ಮರಳುವ ಗುಣ ಅದಕ್ಕೆ ಇರಲೇಬೇಕು, ಇಲ್ಲದಿದ್ದರೆ ಶ್ರುತಿ ನಿಲ್ಲುವುದಿಲ್ಲ. ಸ್ಪ್ರಿಂಗಿಗೆ ಬೇಕಾದದ್ದೂ ಅಷ್ಟೇ. ಮೂರು ಸುರುಳಿಗಳನ್ನು ಅಳೆದೆ, ಒಂದು ಸರಿಯಾಗಿ 0.4 ಇತ್ತು.

ಮೊದಲನೆಯದನ್ನು 3 ಮಿ.ಮೀ. ಡ್ರಿಲ್ ಬಿಟ್ಟಿನ ಹಿಂಬದಿಗೆ ಸುತ್ತಿದೆ, ಒಳವ್ಯಾಸ 3 ಬೇಕಲ್ಲ ಎಂದು. ಕೈ ಬಿಟ್ಟ ಕೂಡಲೇ ಅರಳಿ 3.5 ಆಯಿತು. ಇದು ಗೊತ್ತಿದ್ದ ವಿಷಯ, ಗಟ್ಟಿ ತಂತಿ ಸುತ್ತಿದ ಮೇಲೆ ಹಿಂದಕ್ಕೆ ಚಿಮ್ಮುತ್ತದೆ, ಸುತ್ತುವ ಕಡ್ಡಿ ಬೇಕಾದ ಅಳತೆಗಿಂತ ಸಣ್ಣದಿರಬೇಕು. ಆದರೆ ಎಷ್ಟು ಸಣ್ಣದು ಎಂಬುದು ಆಯಾ ತಂತಿಗೆ ಸುತ್ತಿ ನೋಡಿಯೇ ತಿಳಿಯಬೇಕು. 2.5ರ ಬಿಟ್ಟಿಗೆ ಸುತ್ತಿದಾಗ 2.9ಕ್ಕೆ ನಿಂತಿತು. ಗೂಟಕ್ಕೆ ಸಲೀಸಾಗಿ ಇಳಿಯಿತು. ತೋಳುಗಳನ್ನು ಬಗ್ಗಿಸಿ ಕೂರಿಸಿ ಬಾಗಿಲು ಮುಚ್ಚಿದರೆ ಸುರುಳಿ ಅಗಲವಾಗಿ ಅರಳಿ ಪಕ್ಕದ ಗೋಡೆಗೆ ಉಜ್ಜುತ್ತಿದೆ.

ಅರ್ಧ ಗಂಟೆ ನೋಡಿದ ಮೇಲೆ ತಪ್ಪು ತಿಳಿಯಿತು. ಸುತ್ತಿನ ದಿಕ್ಕು ತಿರುಗುಮುರುಗು. ತಿರುಚು ಸ್ಪ್ರಿಂಗಿಗೆ ಭಾರ ಬಿದ್ದಾಗ ಸುರುಳಿ ಇನ್ನಷ್ಟು ಬಿಗಿಯಾಗಬೇಕು, ಬಿಚ್ಚಿಕೊಳ್ಳಬಾರದು. ಬಿಚ್ಚಿಕೊಳ್ಳುವ ದಿಕ್ಕಿಗೆ ದುಡಿಸಿದರೆ ಬೇಗ ಸೋಲುತ್ತದೆ. ಹಳೇ ತುಂಡುಗಳನ್ನು ಮೇಜಿನ ಮೇಲೆ ಇಟ್ಟು ಅಳೆದಿದ್ದೆನೇ ಹೊರತು ಯಾವ ಕಡೆಗೆ ಸುತ್ತಿದೆ ಎಂದು ಬರೆದುಕೊಂಡಿರಲಿಲ್ಲ. ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ: ಬಿಚ್ಚುವ ಮುಂಚೆ ಸ್ಪ್ರಿಂಗಿನ ಫೋಟೋ, ಎರಡು ಬದಿಯಿಂದ.

ಮೂರನೆಯದು ಸರಿಯಾದ ದಿಕ್ಕಿಗೆ, ನಾಲ್ಕು ಸುತ್ತು. ಕೆಲಸ ಮಾಡಿತು, ಆದರೆ ಬಾಗಿಲು ತೆರೆಯುವ ರಭಸ ನನಗೆ ಹಿಡಿಸಲಿಲ್ಲ. ಹೊಸ ಆಟಿಕೆಗಾದರೆ ಸರಿ. ಇದು ವಯಸ್ಸಾದ ಪ್ಲಾಸ್ಟಿಕ್, ಪ್ರತಿ ಸಲ ತಡೆಗೆ ಬಡಿದಾಗ ಬಿರುಕಿಗೆ ಏಟು. ಸುತ್ತು ಹೆಚ್ಚಿದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ. ಗೂಟದ ಮೇಲೆ ಇನ್ನೊಂದು ಸುತ್ತಿಗೆ ಜಾಗವಿತ್ತು. ಐದು ಸುತ್ತಿನ ನಾಲ್ಕನೆಯ ಸ್ಪ್ರಿಂಗ್ ಮಾಡಿದೆ. ತೋಳು ಬಗ್ಗಿಸುವಾಗ ಇಕ್ಕಳದ ಚೂಪು ಅಂಚಿಗೆ ಮಡಚದೆ, ಸೂಜಿಯ ಸುತ್ತ ದುಂಡಗೆ ತಿರುಗಿಸಿದೆ. ಹಳೆಯದು ಮುರಿದದ್ದು ಮಡಿಕೆಯಲ್ಲೇ.

ಗುಂಡಿ ಒತ್ತಿದೆ. ಬಾಗಿಲು ಗಡಬಡಿಸದೆ ಎದ್ದು, ಕೊನೆಯಲ್ಲಿ ಸಣ್ಣದಾಗಿ ಟಪ್ ಎಂದಿತು. ಜಗಲಿಯಲ್ಲಿ ಕೇಳಿದ್ದ ಸದ್ದಿಗಿಂತ ಒಂದು ಎಳೆ ಮೃದು. ಭಾವ ಒಳಗಿನ ಕೋಣೆಯಿಂದಲೇ "ಆಯ್ತಾ?" ಅಂದರು.

ಬಾಗಿಲ ಬಿರುಕು, ಸೊಂಟ

ಪಾರದರ್ಶಕ ಭಾಗಕ್ಕೆ ಫೆವಿಕ್ವಿಕ್ ಥರದ ಅಂಟು ಹಾಕಬಾರದು. ಒಣಗುವಾಗ ಏಳುವ ಆವಿ ಸುತ್ತಲೂ ಬಿಳಿ ಮಂಜಿನಂತೆ ಕೂತುಬಿಡುತ್ತದೆ, ತೆಗೆಯಲು ಇಡೀ ಮೇಲ್ಮೈ ಉಜ್ಜಬೇಕು. ಅಕ್ರಿಲಿಕ್ ಬೋರ್ಡ್ ಮಾಡುವವರು ಹಾಳೆ ಜೋಡಿಸಲು ಕ್ಲೋರೋಫಾರ್ಮ್ ಬಳಸುತ್ತಾರೆ. ಅದು ಅಂಟಲ್ಲ, ಎರಡು ಅಂಚುಗಳನ್ನೂ ಚೂರು ಕರಗಿಸಿ ಒಂದು ಮಾಡುತ್ತದೆ. ನಮ್ಮ ಬೀದಿಯ ಬೋರ್ಡ್ ಅಂಗಡಿಯವರೇ ಸೂಜಿಯ ತುದಿಯಲ್ಲಿ ಒಂದೇ ಹನಿ ಹಿಡಿದು ಬಿರುಕಿನ ಬಾಯಿಗೆ ಮುಟ್ಟಿಸಿದರು. ಬತ್ತಿಗೆ ಎಣ್ಣೆ ಏರುವ ಹಾಗೆ ಬಿರುಕಿನುದ್ದಕ್ಕೂ ತಾನೇ ಓಡಿತು. ಅಂಗಡಿಯ ಬಾಗಿಲು ತೆರೆದಿಟ್ಟು, ಉಸಿರಿಗೆ ಬಾರದಂತೆ ಮಾಡುವ ಕೆಲಸ ಅದು, ರೂಢಿಯಿಲ್ಲದವರು ಮನೆಯಲ್ಲಿ ಮಾಡಬೇಡಿ. ಬಿರುಕು ಓರೆಯಿಂದ ನೋಡಿದರೆ ಇನ್ನೂ ಕಾಣುತ್ತದೆ, ಆದರೆ ಉಗುರಿಗೆ ಸಿಗುವುದಿಲ್ಲ.

ಒಂದು ದಿನ ಬಿಟ್ಟು ಮಬ್ಬು ತೆಗೆದೆ. ಬಾಗಿಲಲ್ಲಿರುವ ಲಾಂಛನದ ಮೇಲೆ ಟೇಪ್ ಅಂಟಿಸಿ, 2000 ನಂಬರಿನ ವಾಟರ್ ಪೇಪರ್, ಆಮೇಲೆ 3000, ಕೊನೆಗೆ ಹಿತ್ತಾಳೆ ಉಜ್ಜುವ ಬ್ರಾಸೋ ಹತ್ತಿಬಟ್ಟೆಯಲ್ಲಿ. ಗೀರುಗಳನ್ನೆಲ್ಲ ತೆಗೆಯಲು ಹೋಗಲಿಲ್ಲ, ಒಳಗಿನ ಹಕ್ಕಿ ಕಂಡರೆ ಸಾಕು.

ಸೊಂಟದ ಕೀಲಿಗೆ ಚಿತ್ರಕಲೆಯ ಸಾಮಾನು ಮಾರುವ ಅಂಗಡಿಯ ನೀರುಮೂಲದ ಅಕ್ರಿಲಿಕ್ ವಾರ್ನಿಷ್. ಸವೆದ ಗೂಟಕ್ಕೆ ತೆಳುವಾಗಿ ಬಳಿದು ಒಂದು ದಿನ ಒಣಗಿಸುವುದು, ಮತ್ತೆ ಬಳಿಯುವುದು. ಮೂರು ಪದರಕ್ಕೆ ಬಿಗಿ ಬಂತು. ಉಗುರುಬಣ್ಣ ಬಳಿಯುವವರಿದ್ದಾರೆ, ಅದರಲ್ಲಿರುವ ದ್ರಾವಕ ಎಬಿಎಸ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತದೆ, ನಾನು ಮುಟ್ಟುವುದಿಲ್ಲ. ವಾರ್ನಿಷ್ ಬೇಡವೆನಿಸಿದರೆ ಕೆರೆದು ತೆಗೆಯಬಹುದು.

ಮುಚ್ಚುವಾಗ ಒಂದು ಮಾತು. ಪ್ಲಾಸ್ಟಿಕ್ಕಿನಲ್ಲಿ ತಾನೇ ಮರೆ ಕೊರೆದುಕೊಂಡ ಸ್ಕ್ರೂವನ್ನು ಮತ್ತೆ ಹಾಕುವಾಗ ಮೊದಲು ಹಿಮ್ಮುಖವಾಗಿ ನಿಧಾನ ತಿರುಗಿಸಿ. ಒಂದು ಕಡೆ ಕಟ್ ಎಂದು ಕೆಳಗಿಳಿಯುತ್ತದೆ, ಹಳೇ ಮರೆಯ ಬಾಯಿ ಅದು. ಅಲ್ಲಿಂದ ಮುಮ್ಮುಖ ತಿರುಗಿಸಿದರೆ ಹಳೇ ದಾರಿಯಲ್ಲೇ ಹೋಗುತ್ತದೆ. ಹಾಗೆ ಮಾಡದೆ ಒತ್ತಿದರೆ ಹೊಸ ಮರೆ ಕೊರೆಯುತ್ತದೆ, ನಾಲ್ಕು ಸಲ ಬಿಚ್ಚುವಷ್ಟರಲ್ಲಿ ತೂತು ಪೊಳ್ಳು.

ಬಿಟ್ಟದ್ದು

ಹೊಸ ಸ್ಟಿಕರ್ ಹಾಕಿಸಬಹುದಿತ್ತು, ಟಾಯ್‌ಹ್ಯಾಕ್ಸ್‌ನವರು ಹಳೆಯದಕ್ಕೆ ತಕ್ಕಂತೆ ಬಹಳ ಚೆನ್ನಾಗಿ ಮುದ್ರಿಸುತ್ತಾರೆ. ಕ್ರೋಮ್ ಪೆನ್ನಿನಿಂದ ಬೆಳ್ಳಿ ತುಂಬಬಹುದಿತ್ತು. ಎರಡೂ ಮಾಡಲಿಲ್ಲ. ಎದ್ದ ಸ್ಟಿಕರ್ ಅಂಚುಗಳಿಗೆ ನೀರು ಬೆರೆಸಿದ ಫೆವಿಕಾಲ್ ಸವರಿ ಒತ್ತಿಟ್ಟೆ, ಅಷ್ಟೆ. ಕೈ ಹಿಡಿಯುವ ಜಾಗದಲ್ಲೇ ಕ್ರೋಮ್ ಹೋಗಿದೆ, ಹಿಡಿದದ್ದು ನಮ್ಮಿಬ್ಬರ ಕೈ.

ಇಂಥ ಆಟಿಕೆಗಳನ್ನು ಸೇರಿಸುವವರಲ್ಲಿ ಪೆಟ್ಟಿಗೆ ಒಡೆಯದವರು ಇದ್ದಾರೆ, ಗಾಜಿನೊಳಗೆ ರೋಬಾಟ್ ರೂಪದಲ್ಲೇ ನಿಲ್ಲಿಸಿ ವರ್ಷಗಟ್ಟಲೆ ಮುಟ್ಟದವರೂ ಇದ್ದಾರೆ. ಅವರ ಪ್ರೀತಿ ಅವರದು. ನನಗೆ ಮಾತ್ರ ರೂಪ ಬದಲಿಸದ ಸೌಂಡ್‌ವೇವ್ ಮೀಟದ ವೀಣೆಯಂತೆ. ಆದ್ದರಿಂದ ಕೀಲು, ಸ್ಪ್ರಿಂಗ್, ಅಗುಳಿ ಇವಕ್ಕೆ ಎಷ್ಟು ದಿನ ಬೇಕಾದರೂ ಕೊಡುತ್ತೇನೆ, ಬಣ್ಣಕ್ಕೆ ಕೊಡುವುದಿಲ್ಲ.

ಈ ರಾಕ್ಷಸನ ರೂಪಾಂತರ ನಾಲ್ಕು ದಶಕದ ಮೇಲೂ ನನ್ನ ಮೆಚ್ಚಿನದು. ಈಗಿನ ದುಬಾರಿ ಮಾದರಿಗಳಲ್ಲಿ ಮೊಣಕೈ, ಮೊಣಕಾಲು, ಸೊಂಟ ಎಲ್ಲ ಕಡೆ ಕೀಲು, ಮೂವತ್ತು ನಲವತ್ತು ಹೆಜ್ಜೆ, ಕೈಪಿಡಿ ಇಲ್ಲದೆ ದಿಕ್ಕು ತಪ್ಪುತ್ತದೆ. ಇದರಲ್ಲಿ ಕೈಗಳು ಮಡಚಿ ಪಕ್ಕಕ್ಕೆ ಸೇರುತ್ತವೆ, ತಲೆ ಒಳಗಿಳಿಯುತ್ತದೆ, ಕಾಲುಗಳು ಕೂಡಿಕೊಳ್ಳುತ್ತವೆ. ನಾಲ್ಕು ವರ್ಷದ ಮಗು ಕಲಿತದ್ದನ್ನು ಕೈ ಮರೆತಿರಲಿಲ್ಲ. ಮೊದಲ ಸಲ ಪೂರ್ತಿ ಬದಲಿಸಿದಾಗ ನಾನು ಕಣ್ಣು ಮುಚ್ಚಿಯೇ ಮಾಡಿದೆ.

ಬಾಗಿಲನ್ನು ಎರಡು ದಿನ ಬಿಟ್ಟು ಬಿಟ್ಟು ಇನ್ನೂರು ಸಲ ತೆರೆದು ಮುಚ್ಚಿ ನೋಡಿದೆ. ಸ್ಪ್ರಿಂಗಿನ ತೋಳಿನ ಕೋನ ಬದಲಾಗಿಲ್ಲ, ಬಿರುಕು ಬೆಳೆದಿಲ್ಲ. ಭಾವ ಊರಿಗೆ ಹೊರಟಾಗ ತುಕ್ಕಿನ ಡಬ್ಬಿಯ ಬದಲು ಗಾಳಿಯಾಡದ ಸ್ಟೀಲ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಎರಡು ಹಾಕಿಕೊಟ್ಟೆ. ಹುಣಿಸೆ ಬೀಜವನ್ನು ಅವರೇ ಜೇಬಿಗೆ ಹಾಕಿಕೊಂಡರು. "ಬಾಗಿಲು ತೆರೆದೇ ಇಟ್ಟಿರಿ ಭಾವ, ಸ್ಪ್ರಿಂಗಿಗೆ ಭಾರ ಇರೋದಿಲ್ಲ" ಎಂದು ಬಸ್ಸು ಹತ್ತುವಾಗ ಮತ್ತೊಮ್ಮೆ ಹೇಳಿದೆ.

ಹದಿನೈದು ದಿನದ ಮೇಲೆ ಫೋನ್ ಮಾಡಿದ್ದರು. ಡಬ್ಬಿಯಲ್ಲಿ ಇಟ್ಟಿಲ್ಲವಂತೆ, ಜಗಲಿಯ ಗೂಡಿನಲ್ಲಿ ಇದೆಯಂತೆ. "ನೀ ಹೇಳಿದ ಹಾಗೆ ಬಾಗಿಲು ತೆರೆದೇ ಇರುತ್ತೆ ಕಣೋ. ಆದ್ರೆ ಸಂಜೆ ಕಾಫಿ ಕುಡಿಯುವಾಗ ಒಂದ್ಸಲ ಗರುಡನ್ನ ಒಳಗಿಟ್ಟು ಮುಚ್ತೀನಿ, ಗುಂಡಿ ಒತ್ತಿ ತೆಗೀತೀನಿ. ಅಷ್ಟಕ್ಕೆ ಏನೂ ಆಗಲ್ಲ ಅಲ್ವಾ?"

ಏನೂ ಆಗಲ್ಲ ಭಾವ ಅಂದೆ. ಮಿಕ್ಕ ವೀಣೆಯ ತಂತಿಯಲ್ಲಿ ಇನ್ನೂ ಹತ್ತು ಸ್ಪ್ರಿಂಗಿಗೆ ಆಗುವಷ್ಟಿದೆ.